ಕಪ್ಪು ಐದರಿಂದ ಕಪ್ಪು ಮೂರಕ್ಕೆ: ಕಂಪನಿ ನಾಟಕದ ಒಬ್ಬ ಗಾಯಕನಟಿಯ ಪ್ರಕರಣ

ಕಂಪನಿ ನಾಟಕದ ಒಬ್ಬ ಗಾಯಕನಟಿಯ ವೃತ್ತಿಜೀವನವನ್ನು ಇಲ್ಲಿ ಪ್ರಕರಣವಾಗಿ ಬರೆದಿಡುತ್ತಿದ್ದೇನೆ. ಅವರ ಹೆಸರನ್ನಾಗಲಿ, ಅವರು ಮೂವತ್ತು ವರ್ಷ ದುಡಿದ ಕಂಪನಿಯ ಹೆಸರನ್ನಾಗಲಿ ಹೇಳುವುದಿಲ್ಲ. ಗುರುತು ಹಿಡಿಯಲು ಬರುವಂಥ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. 1980ರ ದಶಕದಲ್ಲಿ ನಾನು ಬೆಂಗಳೂರಿನ ಹಳೆಯ ಬಡಾವಣೆಯೊಂದರ ವಠಾರದಲ್ಲಿದ್ದ ಅವರ ಮನೆಗೆ ರಂಗಗೀತೆಗಳನ್ನು ಕಲಿಯಲು ಹೋಗುತ್ತಿದ್ದೆ. ಒಮ್ಮೆ ಜೀವನಚರಿತ್ರೆಯ ಮಾತು ತೆಗೆದಾಗ ಅವರು, "ನನ್ನ ಕಥೆ ಬೇಡಪ್ಪ. ಬರೀಲೇಬೇಕು ಅಂದ್ರೆ ನನ್ನ ಗಂಟಲಿನ ಕಥೆ ಬರಿ, ಹಾಡೋ ಮಕ್ಕಳಿಗೆ ಉಪಯೋಗಕ್ಕೆ ಬರುತ್ತೆ" ಎಂದರು. ಅವರ ಆ ಮಾತಿನ ಮಿತಿಯೊಳಗೇ ಇರಲು ಪ್ರಯತ್ನಿಸಿದ್ದೇನೆ.

ಹಿನ್ನೆಲೆ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕನ್ನಡ ವೃತ್ತಿರಂಗಭೂಮಿಯ ಹೆಣ್ಣು ಪಾತ್ರಗಳನ್ನು ಬಹುಮಟ್ಟಿಗೆ ಗಂಡಸರೇ ಮಾಡುತ್ತಿದ್ದರು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯು ವೀರಣ್ಣನವರ ಕಾಲಕ್ಕೆ ಬರುವಷ್ಟರಲ್ಲಿ ನಟಿಯರಿಗೆ ರಂಗದ ಮೇಲೆ ನಿಲ್ಲಲು ಗಟ್ಟಿಯಾದ ಜಾಗ ಮಾಡಿಕೊಟ್ಟಿತ್ತು, ಬಿ. ಜಯಮ್ಮನವರಂಥ ಗಾಯಕನಟಿಯರ ಹೆಸರು ಮನೆಮಾತಾಗಿತ್ತು. ನಮ್ಮ ನಟಿ ಬೇರೊಂದು ಕಂಪನಿಗೆ ಬಾಲನಟಿಯಾಗಿ ಸೇರಿದಾಗ ಅವರಿಗೆ ಒಂಬತ್ತು ವರ್ಷ. ಲೋಹಿತಾಶ್ವ, ಪ್ರಹ್ಲಾದ, ಬಾಲಕೃಷ್ಣರ ಪಾತ್ರಗಳಲ್ಲಿ ಬೆಳೆದು, ತಾವು ಯಾರ ಮಡಿಲಲ್ಲಿ ಸತ್ತು ಮಲಗುತ್ತಿದ್ದರೋ ಆ ಚಂದ್ರಮತಿಯ ಪಾತ್ರವನ್ನೇ ಹದಿನೆಂಟನೇ ವಯಸ್ಸಿಗೆ ವಹಿಸಿಕೊಂಡರು. ಆಗಿನಿಂದ ಸುಮಾರು ಹದಿನೈದು ವರ್ಷ ಅವರು ಕಂಪನಿಯ ನಾಯಕಿ.

ಕಂಪನಿ ಮನೆಯ ದಿನಚರಿ ಇಲ್ಲಿ ಮುಖ್ಯ. ರಾತ್ರಿ ಒಂಬತ್ತೂವರೆಗೆ ಪರದೆ ಎದ್ದರೆ ನಾಟಕ ಮುಗಿಯುವಾಗ ಎರಡೋ ಮೂರೋ ಗಂಟೆ. ಬೆಳಿಗ್ಗೆ ತಡವಾಗಿ ಎದ್ದು, ಊಟವಾದ ಮೇಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಹಾಡಿನ ತಾಲೀಮು, ಸಂಜೆ ಬಣ್ಣ. ಹಾಡುಗಳ ಮಟ್ಟುಗಳಲ್ಲಿ ಕರ್ನಾಟಕ ಸಂಗೀತದ ಕೀರ್ತನೆಗಳಿಂದ ಬಂದವು ಕೆಲವು, ಮರಾಠಿ ನಾಟ್ಯಸಂಗೀತದಿಂದ, ಹಿಂದೂಸ್ತಾನಿಯಿಂದ ಬಂದವು ಕೆಲವು. ನಡುನಡುವೆ ಕಂದ, ವೃತ್ತ, ಸೀಸಪದ್ಯಗಳು ತಾಳವಿಲ್ಲದೆ ರಾಗದಲ್ಲಿ ಹರಿಯುತ್ತಿದ್ದವು. ಜನಕ್ಕೆ ಹಿಡಿಸಿದ ಹಾಡಿಗೆ "ವನ್ಸ್‌ಮೋರ್" ಬೀಳುತ್ತಿತ್ತು. ಒಂದೇ ಹಾಡನ್ನು ಎರಡು ಮೂರು ಸಲ ಹಾಡಿದ ರಾತ್ರಿಗಳಿಗೆ ಲೆಕ್ಕವಿಲ್ಲ.

ಶ್ರುತಿಯ, ಎಂದರೆ ಹಾಡಿನ ಆಧಾರಸ್ವರದ ಎತ್ತರದ, ವಿಷಯವನ್ನು ಇಲ್ಲಿಯೇ ವಿವರಿಸಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹಾರ್ಮೋನಿಯಂನ ಮನೆಗಳನ್ನು, ಎಂದರೆ ಬೆರಳಿನಿಂದ ಒತ್ತುವ ಪಟ್ಟಿಗಳನ್ನು, ಕಪ್ಪು, ಬಿಳಿ ಎಂದು ಎಣಿಸುತ್ತಾರೆ; ಎಣಿಕೆ ಏರಿದಂತೆ ಶ್ರುತಿಯೂ ಏರುತ್ತದೆ. ಈ ನಟಿಯ ಷಡ್ಜವನ್ನು, ಆಧಾರದ 'ಸ' ಸ್ವರವನ್ನು, ಮೇಷ್ಟ್ರು ಕಪ್ಪು ಐದರಲ್ಲಿ ಕೂರಿಸಿದ್ದರು. ಹೆಣ್ಣಿನ ದನಿಗೂ ಅದು ಎತ್ತರವೇ. ಆ ಶ್ರುತಿಯಲ್ಲಿ ತಾರಸ್ಥಾಯಿಯ (ಮೇಲಿನ ಸ್ಥಾಯಿಯ) ಪಂಚಮ, ಎಂದರೆ 'ಪ' ಸ್ವರ, ಮುಟ್ಟಬೇಕಾದರೆ ಗಂಟಲನ್ನು ಬಿಗಿಹಿಡಿಯದೆ ಆಗದು. ನಾಯಕನ ಶ್ರುತಿ ಕಪ್ಪು ಮೂರು. ಇಬ್ಬರೂ ಸೇರಿ ಹಾಡುವ ಹಾಡುಗಳನ್ನು ಇಬ್ಬರಿಗೂ ಹಿತವಲ್ಲದ, ಇಬ್ಬರೂ ಹೇಗೋ ನಿಭಾಯಿಸಬಲ್ಲ ನಡುವಿನ ಕಪ್ಪು ನಾಲ್ಕರಲ್ಲಿ ಹಾಡಿಸುತ್ತಿದ್ದರು.

ಇಷ್ಟು ಎತ್ತರ ಏಕೆ ಬೇಕಿತ್ತು? ಮೈಕು ಇಲ್ಲದ ಕಾಲದಲ್ಲಿ ತಗಡಿನ ಚಪ್ಪರದ ಥಿಯೇಟರಿನ ಕೊನೆಯಲ್ಲಿ ನೆಲದ ಟಿಕೀಟು ಕೊಂಡು ಕೂತವನಿಗೂ ಹಾಡು ಮುಟ್ಟಬೇಕಾಗಿತ್ತು. ಎತ್ತರದ, ಕಂಚಿನಂಥ ದನಿ ಗದ್ದಲವನ್ನು ಸೀಳಿಕೊಂಡು ಹೋಗುತ್ತದೆ. ಹೀಗೆ ಅಗತ್ಯಕ್ಕಾಗಿ ಹುಟ್ಟಿದ ಶ್ರುತಿ ಕ್ರಮೇಣ ಕಲಾವಿದರ ಪ್ರತಿಷ್ಠೆಯಾಯಿತು. 1950ರ ದಶಕದಲ್ಲಿ ಅವರ ಕಂಪನಿಯ ರಂಗದ ಮೇಲೆ ಮೈಕು ತೂಗಿತು. ಶ್ರುತಿ ಮಾತ್ರ ಇದ್ದಲ್ಲಿಯೇ ಇತ್ತು. ಎತ್ತರದ ಶ್ರುತಿಗೆ ಇದ್ದ ಕಾರಣವೇ ಇಲ್ಲವಾಯಿತು ಎಂಬುದನ್ನು ಆಗ ಯಾರೂ ಗಮನಿಸಲಿಲ್ಲ. ಈ ಪ್ರಕರಣದ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಎರಡು ನಿರ್ಧಾರಗಳು, ಸಮಸ್ಯೆಗೆ ಮುಂಚೆ

1950ರ ದಶಕದ ಮೊದಲ ಭಾಗದಲ್ಲಿ ಮದ್ರಾಸಿನಿಂದ ಸಿನಿಮಾದವರು ಅವರನ್ನು ಕರೆಯಲು ಬಂದಿದ್ದರು. ಪೌರಾಣಿಕ ಚಿತ್ರವೊಂದರಲ್ಲಿ ಎರಡನೇ ನಾಯಕಿಯ ಪಾತ್ರ. ಆಗ ಕನ್ನಡ ಚಿತ್ರಗಳ ತಯಾರಿಕೆ ಬಹುಪಾಲು ಮದ್ರಾಸಿನಲ್ಲಿ ನಡೆಯುತ್ತಿತ್ತು, ಮತ್ತು ಹಾಡುವ ನಟನಟಿಯರ ಜಾಗವನ್ನು ಹಿನ್ನೆಲೆ ಗಾಯಕರು ವೇಗವಾಗಿ ತುಂಬುತ್ತಿದ್ದರು. ಕರಾರಿನಲ್ಲಿ ಹಾಡುಗಳನ್ನು ಬೇರೆಯವರು ಹಾಡುತ್ತಾರೆ ಎಂದಿತ್ತು. "ನನ್ನ ಮುಖ ತಗೊಂಡು ಹೋಗಿ ದನಿ ಇಲ್ಲೇ ಬಿಟ್ಟು ಬನ್ನಿ ಅಂದ ಹಾಗಾಯ್ತು" ಎಂದು ಅವರು ನಿರಾಕರಿಸಿದರು. ಒಂದೇ ಒಂದು ಹಾಡನ್ನಾದರೂ ತಾವು ಹಾಡುವುದಾಗಿ ಕೇಳಿ ನೋಡಬಹುದಿತ್ತು, ಆ ಚೌಕಾಸಿ ಮಾಡಲು ಜೊತೆಗೆ ತಿಳಿದವರು ಯಾರೂ ಇರಲಿಲ್ಲ ಎಂದು ಅವರೇ ಮುಂದೆ ಹೇಳುತ್ತಿದ್ದರು. ಇಲ್ಲ ಎಂದದ್ದರಲ್ಲಿ ತಪ್ಪು ಕಾಣುವುದಿಲ್ಲ. ಕೇಳದೆಯೇ ಇಲ್ಲ ಎಂದದ್ದು ನಷ್ಟ.

ಎರಡನೆಯದು ಬಾನುಲಿ. ಬೆಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಶುರುವಾದದ್ದು 1955ರಲ್ಲಿ. ಮರುವರ್ಷ ಅವರು ಬಾನುಲಿಯ ಧ್ವನಿಪರೀಕ್ಷೆಗೆ ಹೋದರು. ಅಲ್ಲಿ ಹಾರ್ಮೋನಿಯಂ ಇಲ್ಲ. 1940ರಲ್ಲಿ ಬಾನುಲಿಯಲ್ಲಿ ಆ ವಾದ್ಯವನ್ನು ನಿಷೇಧಿಸಿದ್ದರು, ಅದು ತೆರವಾಗಲು 1971ರವರೆಗೆ ಕಾಯಬೇಕಾಯಿತು. ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳೂ ಸ್ವರವನ್ನು ತೂಗಿ ಬಳುಕಿಸುವ ಗಮಕಗಳೂ ಹಾರ್ಮೋನಿಯಂನ ಗಟ್ಟಿ ಮನೆಗಳಲ್ಲಿ ನಿಲ್ಲುವುದಿಲ್ಲ ಎಂಬುದು ಆ ವಾದ್ಯದ ಮೇಲೆ ಸಂಗೀತಜ್ಞರು ಹೊರಿಸುತ್ತಿದ್ದ ದೂರು. ಹುಟ್ಟಿದಾಗಿನಿಂದ ಪೆಟ್ಟಿಗೆಯ ದನಿಯನ್ನು ಆತುಕೊಂಡೇ ಹಾಡಿದ್ದ ಅವರಿಗೆ ಬರಿಯ ತಂಬೂರಿಯ ಮುಂದೆ ಕೂತಾಗ ಕಾಲ ಕೆಳಗಿನ ನೆಲ ಸರಿದಂತಾಯಿತು. ಮೈಕಿನ ಮುಂದೆಯೂ ನೆಲದ ಸೀಟಿಗೆ ಹಾಡುವಂತೆ ಹಾಡಿದರು. ತೇರ್ಗಡೆಯಾಗಲಿಲ್ಲ. ಆ ತೀರ್ಪು ಸರಿಯಾಗಿಯೇ ಇತ್ತು ಎಂದು ಒಪ್ಪಿಕೊಳ್ಳಲು ಅವರಿಗೆ ನಾಲ್ಕು ವರ್ಷ ಹಿಡಿಯಿತು.

ಸಮಸ್ಯೆ

ಮೂವತ್ತಮೂರನೇ ವಯಸ್ಸಿನಲ್ಲಿ, ಬೆಂಗಳೂರಿನ ದೀರ್ಘ ಕ್ಯಾಂಪಿನ ನಡುವೆ, ದನಿ ಕೈಕೊಡಲು ಶುರುವಾಯಿತು. ಮೊದಲು ಬೆಳಗಿನ ಮಾತಿನಲ್ಲಿ ಒರಟುತನ, ಆಮೇಲೆ ಮೆಲ್ಲಗೆ ಹಾಡಿದಾಗ ದನಿ ಹೊರಡುವ ಮುಂಚೆ ಬರಿಯ ಗಾಳಿ. ಜೋರಾಗಿ ಹಾಡಿದರೆ ಎಲ್ಲ ಸರಿ ಇದೆ ಎನ್ನಿಸುತ್ತಿತ್ತು. ಆದ್ದರಿಂದ ಇನ್ನೂ ಜೋರಾಗಿ ಹಾಡಿದರು. ಹಾಡುವವರು ಮಾಡುವ ಅತ್ಯಂತ ಸಹಜವಾದ, ಅತ್ಯಂತ ಅಪಾಯದ ತಪ್ಪು ಇದು. ಗಂಟಲು ಸೋತಾಗ ಮೊದಲು ಹೋಗುವುದು ಮೃದುತ್ವ. ಬಲ ಹೋಗುವುದು ಕೊನೆಗೆ. ಬಲ ಇದೆ ಎಂಬುದನ್ನು ಆರೋಗ್ಯದ ಗುರುತೆಂದು ತಿಳಿದುಕೊಂಡರು.

ಒಂದು ಶನಿವಾರ ರಾತ್ರಿ ರುದ್ರಭೂಮಿಯ ದೃಶ್ಯದಲ್ಲಿ ಲೋಹಿತಾಶ್ವನ ಶವದ ಮುಂದೆ ಚಂದ್ರಮತಿಯ ಶೋಕದ ಹಾಡಿಗೆ ತಾರಷಡ್ಜದಲ್ಲಿ ದನಿ ಒಡೆಯಿತು. ಮುಂದಿನ ಸಾಲು ಬರಲೇ ಇಲ್ಲ. ಮಡಿಲಲ್ಲಿ ಮಲಗಿದ್ದ ಹುಡುಗ ಗಾಬರಿಯಿಂದ ಕಣ್ಣು ಬಿಟ್ಟು ನೋಡಿದನಂತೆ. ಅವರು ಅವನ ಕಣ್ಣಿನ ಮೇಲೆ ಕೈಯಿಟ್ಟು ಮುಚ್ಚಿ, ಉಳಿದ ಪದ್ಯವನ್ನು ಕೆಳದನಿಯಲ್ಲಿ ಮಾತಿನಂತೆ ಹೇಳಿ ಮುಗಿಸಿದರು. ಆ ರಾತ್ರಿ ಸಭೆ ಮೆಚ್ಚಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದಿನ ಸಾಲುಗಳಿಂದ ಶಿಳ್ಳೆ ಬಂದವು. ಮರುದಿನ ಟಿಕೀಟಿನ ಕಿಟಕಿಯಲ್ಲಿ ಯಾರೋ "ಇವತ್ತು ಆಯಮ್ಮ ಹಾಡ್ತಾರೋ ಇಲ್ವೋ ಹೇಳಿ, ಆಮೇಲೆ ದುಡ್ಡು ಕೊಡ್ತೀನಿ" ಎಂದರಂತೆ.

ಗಂಟಲಿನ ವೈದ್ಯರು ಸಣ್ಣ ಕನ್ನಡಿಯನ್ನು ಬಾಯೊಳಗೆ ಇಳಿಸಿ ನೋಡಿ, ಸ್ವರತಂತುಗಳ ಮೇಲೆ ಎರಡೂ ಬದಿಗೆ ಚಿಕ್ಕ ಗಂಟುಗಳಿವೆ ಎಂದರು. ಎರಡು ತಂತುಗಳು ಅತಿಯಾಗಿ, ಬಿಗಿಯಾಗಿ ಬಡಿದುಕೊಂಡಾಗ ಅವು ಬಡಿದುಕೊಳ್ಳುವ ಜಾಗದಲ್ಲಿಯೇ, ಕೆಲಸ ಮಾಡುವ ಅಂಗೈ ಜಡ್ಡುಗಟ್ಟುವಂತೆ, ಇವು ಏಳುತ್ತವೆ. ಕೊಯ್ದು ತೆಗೆಯಬಹುದು, ಆದರೆ ಹಾಡುವ ಕ್ರಮ ಬದಲಾಗದಿದ್ದರೆ ಮತ್ತೆ ಬರುತ್ತವೆ ಎಂದೂ ಹೇಳಿದರು. ಔಷಧವೆಂದರೆ ಮೌನ; ಪಿಸುಮಾತೂ ಕೂಡದು, ಏಕೆಂದರೆ ಪಿಸುಗುಟ್ಟುವಾಗಲೂ ಗಂಟಲು ಬಿಗಿಯುತ್ತದೆ.

ಪ್ರಯತ್ನಗಳು

ಕಂಪನಿಯಲ್ಲಿ ಎಲ್ಲರ ಹತ್ತಿರವೂ ಒಂದೊಂದು ಮದ್ದಿತ್ತು. ಅತಿಮಧುರದ ಕಡ್ಡಿ, ಮೆಣಸಿನ ಕಷಾಯ, ಬಿಸಿ ಹಾಲಿಗೆ ಅರಿಸಿನ, ಶುಂಠಿ ಬೆಲ್ಲ. ಇವುಗಳಿಂದ ಗಂಟಲಿಗೆ ಹಿತವಾಯಿತು, ಗಂಟು ಕರಗಲಿಲ್ಲ. ಯಜಮಾನರು ಹನ್ನೆರಡು ದಿನ ಬಿಡುವು ಕೊಟ್ಟರು. ಹಲಗೆಬಳಪ ಹಿಡಿದು ಮೌನವಾಗಿದ್ದರು. ಹದಿಮೂರನೇ ದಿನ ದನಿ ತಿಳಿಯಾಗಿ ಬಂತು, ಅದೇ ವಾರದ ಕೊನೆಗೆ ಮತ್ತೆ ಒಡೆಯಿತು. ವಿಶ್ರಾಂತಿಯ ನಂತರ ಅದೇ ಕಪ್ಪು ಐದಕ್ಕೆ ಹಿಂದಿರುಗಿದ್ದೇ ಇದಕ್ಕೆ ಕಾರಣ.

ಮೂರನೆಯ ಪ್ರಯತ್ನ ಸಿನಿಮಾದಿಂದ ಬಂದ ಉಪಾಯ. ನಟಿ ರಂಗದ ಮೇಲೆ ತುಟಿಯಾಡಿಸುವುದು, ಸೈಡ್‌ವಿಂಗಿನಲ್ಲಿ ನಿಂತ ಎಳೆಯ ಹುಡುಗಿಯೊಬ್ಬಳು ಹಾಡುವುದು. ಮದ್ರಾಸಿನಲ್ಲಿ ಯಾವುದನ್ನು ಒಲ್ಲೆ ಎಂದಿದ್ದರೋ ಅದಕ್ಕೇ ಒಪ್ಪಬೇಕಾಗಿ ಬಂತು. ಇದು ಆರು ಪ್ರಯೋಗಗಳಷ್ಟು ನಡೆದು ನಿಂತಿತು. ಸೋತ ಬಗೆಯನ್ನು ಅವರು ನನಗೆ ತೋರಿಸಿಯೇ ವಿವರಿಸಿದ್ದರು: ಒಂದು ಕೈಯನ್ನು ತಮ್ಮ ಹೊಟ್ಟೆಯ ಮೇಲೆ, ಇನ್ನೊಂದನ್ನು ಪಕ್ಕದಲ್ಲಿದ್ದ ಶಿಷ್ಯೆಯ ಬೆನ್ನಿನ ಮೇಲೆ ಇಟ್ಟು, ಇಬ್ಬರೂ ಒಂದೇ ಸಾಲು ಹಾಡುವಂತೆ ಮಾಡಿ, "ನೋಡು, ಉಸಿರು ಬೇರೆ ಬೇರೆ ಕಡೆ ತಗೊತೀವಿ" ಎಂದರು. ಹಾಡು ಒಂದೇ ಆದರೂ ಎರಡು ಮೈಗಳ ಉಸಿರು ಒಂದಾಗುವುದಿಲ್ಲ. ಹಾಡಿನ ದನಿ ನಡೆದೇ ಇರುವಾಗ ರಂಗದ ಮೇಲಿನ ಚಂದ್ರಮತಿಯ ಎದೆ ಏರುತ್ತಿತ್ತು, ದನಿ ನಿಂತಾಗ ಇಳಿಯುತ್ತಿತ್ತು. ಮೊದಲ ಸಾಲಿನವರಿಗೆ ಅದು ಕಂಡಿತು. ಜೊತೆಗೆ ಹಾರ್ಮೋನಿಯಂ ಮೇಷ್ಟ್ರು ಅಷ್ಟು ವರ್ಷ ನಟಿಯ ಉಸಿರನ್ನು ನೋಡಿಕೊಂಡೇ ಪೆಟ್ಟಿಗೆ ಒತ್ತುತ್ತಿದ್ದವರು. ಈಗ ಕಣ್ಣು ಒಂದು ಕಡೆ, ಕಿವಿ ಇನ್ನೊಂದು ಕಡೆ ಆಗಿ ತಾಳ ತಪ್ಪುತ್ತಿತ್ತು.

ಹಾಡುಗಳನ್ನು ಕಡಿಮೆ ಮಾಡುವುದು ನಾಲ್ಕನೆಯದು. ಜನ ಹಾಡಿಗಾಗಿ ಬರುತ್ತಿದ್ದರು, ಕಲೆಕ್ಷನ್ ಇಳಿಯಿತು, ಅಷ್ಟೇ.

ತಿರುವು

ಶ್ರುತಿ ಇಳಿಸುವ ಮಾತನ್ನು ಮೊದಲು ಆಡಿದವರು ಮೇಷ್ಟ್ರು. ನಟಿ ಸಿಟ್ಟಾಗಿ ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ. ಕಂಪನಿಯ ಲೋಕದಲ್ಲಿ ಶ್ರುತಿ ಇಳಿಸುವುದೆಂದರೆ ದನಿ ಹೋಯಿತೆಂದು ತಮಟೆ ಹೊಡೆದು ಸಾರಿದಂತೆ. ಯಜಮಾನರೂ ಒಪ್ಪಲಿಲ್ಲ. ಮೇಷ್ಟ್ರು ವಾದಕ್ಕೆ ಇಳಿಯದೆ ಒಂದು ಪರೀಕ್ಷೆ ಮಾಡಿದರು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಈ ಪರೀಕ್ಷೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಖಾಲಿ ಥಿಯೇಟರಿನಲ್ಲಿ ಬೆಳಿಗ್ಗೆ ಮೈಕು ಹಾಕಿಸಿದರು. ಕಂಪನಿಗೆ ಹೊಸದಾಗಿ ಸೇರಿದ್ದ, ಆ ನಾಟಕದ ಹಾಡುಗಳನ್ನು ಇನ್ನೂ ಕೇಳದಿದ್ದ, ನಾಲ್ಕಕ್ಷರ ಬರೆಯಬಲ್ಲ ಹುಡುಗನೊಬ್ಬನನ್ನು ಕಟ್ಟಕಡೆಯ ಬೆಂಚಿನಲ್ಲಿ ಕಾಗದ, ಪೆನ್ಸಿಲು ಕೊಟ್ಟು ಕೂರಿಸಿದರು. ಒಂದೇ ನಾಟಕದ ಎರಡು ಕಂದಪದ್ಯಗಳನ್ನು ಆರಿಸಿಕೊಂಡು, ಒಂದನ್ನು ಕಪ್ಪು ಐದರಲ್ಲಿಯೂ ಇನ್ನೊಂದನ್ನು ಕಪ್ಪು ಮೂರರಲ್ಲಿಯೂ ಹಾಡಲು ನಟಿಗೆ ಹೇಳಿ, ಕೇಳಿಸಿದ ಮಾತನ್ನು ಇದ್ದ ಹಾಗೆ ಬರೆಯಲು ಹುಡುಗನಿಗೆ ಹೇಳಿದರು. ಎರಡನೆಯ ಪದ್ಯವನ್ನು ಹುಡುಗ ಹೆಚ್ಚುಕಡಿಮೆ ಪೂರ್ತಿ ಬರೆದಿದ್ದ. ಮೊದಲನೆಯದರಲ್ಲಿ ತಾರಸ್ಥಾಯಿಗೆ ಏರಿದ ಕಡೆಯೆಲ್ಲ ಇಕಾರ ಎಕಾರವಾಗಿತ್ತು, ಉಕಾರ ಒಕಾರವಾಗಿತ್ತು. ಎರಡು ಸಾಲು ಬರಿಯ ಅಡ್ಡಗೆರೆ.

ಇದಕ್ಕೆ ಕಾರಣ ಇದೆ. ಒಂದೊಂದು ಸ್ವರಾಕ್ಷರವನ್ನೂ ಕಿವಿ ಗುರುತಿಸುವುದು ಬಾಯಿಯ ಆಕಾರದಿಂದ ಹುಟ್ಟುವ ಅನುರಣನದಿಂದ. ಇ, ಉಗಳ ಮುಖ್ಯ ಅನುರಣನ ಕೆಳಮಟ್ಟದಲ್ಲಿರುತ್ತದೆ; ಹಾಡುವ ಸ್ವರ ಅದನ್ನು ದಾಟಿ ಮೇಲೆ ಹೋದಾಗ ಆ ಅಕ್ಷರಗಳಿಗೆ ಆಧಾರ ತಪ್ಪಿ, ಹಾಡುವವರೂ ತಮಗೆ ತಿಳಿಯದೆ ಬಾಯಿ ಅಗಲಿಸಿ ಎಲ್ಲವನ್ನೂ 'ಆ' ಅಕ್ಷರದ ಕಡೆಗೆ ಎಳೆಯುತ್ತಾರೆ. ದನಿ ಎತ್ತರಕ್ಕೆ ಹೋದಷ್ಟೂ ಸದ್ದು ಮುಟ್ಟುತ್ತದೆ, ಮಾತು ಕಳೆದುಹೋಗುತ್ತದೆ. ನಾಟಕದಲ್ಲಿ ಹಾಡು ಮಾತಿನ ಮುಂದುವರಿಕೆಯೇ ಆದ್ದರಿಂದ ಅಲ್ಲಿ ಇದು ಸಣ್ಣ ನಷ್ಟವಲ್ಲ.

ಹುಡುಗ ಬರೆದ ಹಾಳೆಯನ್ನು ನಟಿ ಓದಿದರು. "ಹದಿನೈದು ವರ್ಷ ನಾನು ಏನು ಹೇಳ್ತಿದೀನಿ ಅಂತಾನೇ ಹಿಂದೆ ಕೂತವರಿಗೆ ಕೇಳಿಸಿರಲಿಲ್ಲವಲ್ಲ ಅನ್ನಿಸಿಬಿಡ್ತು" ಎಂದು ಅವರು ಹೇಳುವಾಗ ಮೂವತ್ತು ವರ್ಷಗಳ ಮೇಲೂ ದನಿ ಕುಂದುತ್ತಿತ್ತು. ವೈದ್ಯರ ಮಾತಿಗೆ ಬಗ್ಗದವರು, ಮೇಷ್ಟ್ರ ಮಾತಿಗೆ ಸಿಟ್ಟಾದವರು, ಒಬ್ಬ ಹುಡುಗನ ಬರಹಕ್ಕೆ ಒಪ್ಪಿದರು. ನೋವಿನ ಭಯದಿಂದಲ್ಲ, ಮಾತು ಮುಟ್ಟಲಿಲ್ಲ ಎಂಬ ಸಂಕಟದಿಂದ ನಿರ್ಧಾರ ಬಂತು. ಕಲಾವಿದರಿಗೆ ಕೆಟ್ಟ ಅಭ್ಯಾಸ ಬಿಡಿಸಬೇಕಾದವರು ಇದನ್ನು ಗಮನಿಸಬೇಕೆಂದು ನನಗೆ ಅನ್ನಿಸುತ್ತದೆ.

ಇಳಿಕೆ ಒಂದೇ ದಿನಕ್ಕೆ ಆಗಲಿಲ್ಲ. ಒಂದು ತಿಂಗಳು ಹಾಡಿಲ್ಲದ ಸಣ್ಣ ಪಾತ್ರಗಳು. ಆಮೇಲೆ ಕಪ್ಪು ನಾಲ್ಕು. ಅರ್ಧ ವರ್ಷ ಕಳೆದ ಮೇಲೆ ಕಪ್ಪು ಮೂರು. ನಾಯಕನಟರಿಂದ ವಿರೋಧ ಬರುತ್ತದೆಂದು ಎಲ್ಲರೂ ಕಾದಿದ್ದರು. ನಡೆದದ್ದು ಬೇರೆ. ಜೋಡಿ ಹಾಡುಗಳು ಕಪ್ಪು ಮೂರಕ್ಕೆ ಇಳಿದಾಗ ಅದು ಅವರದೇ ಶ್ರುತಿಯಾಗಿತ್ತು; ಎಷ್ಟೋ ವರ್ಷಗಳಿಂದ ಕಪ್ಪು ನಾಲ್ಕರಲ್ಲಿ ಕಷ್ಟಪಟ್ಟು ಹಾಡುತ್ತಿದ್ದುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮೊದಲ ರಾತ್ರಿಯ ನಂತರ ಬಂದು, "ಅಕ್ಕ, ಇನ್ನು ಮೇಲೆ ಹಿಂಗೇ ಇರಲಿ" ಎಂದರಂತೆ.

ಆಮೇಲೆ

ಇದನ್ನು ಗೆಲುವಿನ ಕಥೆಯಾಗಿ ಹೇಳಲು ಬಾರದು. ಎತ್ತರದ ದನಿಗೆ ಒಗ್ಗಿದ್ದ ಪ್ರೇಕ್ಷಕರಲ್ಲಿ ಅನೇಕರು ಮುಖ ತಿರುಗಿಸಿದರು. ಎರಡು ವರ್ಷದೊಳಗೆ ಚಂದ್ರಮತಿಯೂ ದ್ರೌಪದಿಯೂ ಕಿರಿಯರ ಪಾಲಾದರು. ಸಂಬಳ ಮೂರನೇ ಒಂದು ಭಾಗದಷ್ಟು ಇಳಿಯಿತು. ಅವರಿಗೆ ಬಂದದ್ದು ಕುಂತಿ, ಗಾಂಧಾರಿ, ಕೈಕೇಯಿ. ಹಾಡು ಕಡಿಮೆ, ಕಂದ ಹೆಚ್ಚು. ಕುಂತಿ ಕರ್ಣನ ಮುಂದೆ ನಿಂತು ಬೇಡುವ ಸಂದರ್ಭದ ಪದ್ಯಗಳನ್ನು ಅವರು ಮನೆಯಲ್ಲಿ ನಮಗೆ ಹಾಡಿ ತೋರಿಸಿದ್ದಾರೆ: ಪ್ರತಿ ಸಾಲಿನ ಕೊನೆಯನ್ನು ರಾಗವಾಗಿ ಎಳೆಯುವ ವಾಡಿಕೆ ಬಿಟ್ಟು, ಮಾತು ನಿಲ್ಲುವಲ್ಲಿ ಸ್ವರವನ್ನೂ ನಿಲ್ಲಿಸಿ, "ಮಗನೇ" ಎಂಬ ಮಾತಿಗೆ ಮುಂಚೆ ಒಂದು ಉಸಿರಿನಷ್ಟು ಸುಮ್ಮನಿರುತ್ತಿದ್ದರು. ನನಗೆ ತಿಳಿದಂತೆ ಅವರ ಅತ್ಯುತ್ತಮ ಅಭಿನಯ ನಲವತ್ತರ ಆಸುಪಾಸಿನದು, ಅತಿ ಕಡಿಮೆ ಚಪ್ಪಾಳೆ ಬಿದ್ದದ್ದೂ ಅದಕ್ಕೇ.

ಕಂಪನಿಯ ಕಾಲವೇ ಆಗ ಇಳಿಯುತ್ತಿತ್ತು. ಕೆಂಪೇಗೌಡ ರಸ್ತೆಯ ಉದ್ದಕ್ಕೂ ಸಿನಿಮಾ ಮಂದಿರಗಳು ದಿನಕ್ಕೆ ಮೂರು ನಾಲ್ಕು ಆಟ ಆಡುತ್ತಿರುವಾಗ ಐವತ್ತು ಅರವತ್ತು ಜನರ ಊಟ, ಬಾಡಿಗೆ, ಸಾಮಾನಿನ ಸಾಗಾಟ ಹೊತ್ತ ಕಂಪನಿಗೆ ನಗರದಲ್ಲಿ ನಿಲ್ಲುವುದು ದುಸ್ತರವಾಗಿತ್ತು. ಹಾಗೆಂದು ಎಲ್ಲರೂ ಸೋತರೆಂದಲ್ಲ, ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಕಂಸ, ರಾವಣರನ್ನೂ ಹೆಂಗಸರೇ ಆಡಿ ಗೆದ್ದರು. ನಮ್ಮ ನಟಿಯ ಕಂಪನಿ ಮಾತ್ರ 1960ರ ದಶಕದ ನಡುವಿನಲ್ಲಿ ಒಂದು ಮಳೆಗಾಲದ ನಂತರ ಪರದೆ ಬಿಚ್ಚಲೇ ಇಲ್ಲ.

ಅಷ್ಟರಲ್ಲಿ ಅವರು ಎರಡನೆಯ ಸಲ ಧ್ವನಿಪರೀಕ್ಷೆಗೆ ಹೋಗಿ ಬಂದಿದ್ದರು. ಬಳೇಪೇಟೆಯ ವಾದ್ಯದಂಗಡಿಯಲ್ಲಿ ಹಳೆಯ ತಂಬೂರಿಯೊಂದನ್ನು ಕಂತಿನ ಮೇಲೆ ಕೊಂಡು, ತಮಗಿಂತ ಕಿರಿಯ ವಿದುಷಿಯೊಬ್ಬರ ಬಳಿ ಎರಡು ವರ್ಷ ಸರಳೆವರಸೆಯಿಂದ ಪಾಠ ಮಾಡಿಕೊಂಡರು. ಮೂವತ್ತೈದು ದಾಟಿದ ಹೆಸರಾಂತ ನಟಿ ಹತ್ತು ವರ್ಷದ ಮಕ್ಕಳ ಸಾಲಿನಲ್ಲಿ ಕೂತು ಸ ರಿ ಗ ಮ ಹೇಳಿದರು. ಇಳಿದ ಶ್ರುತಿಗೆ ಗಮಕ ಬಗ್ಗಿತು, ಮೈಕಿನ ಹತ್ತಿರ ಮೆಲ್ಲಗೆ ಹಾಡುವುದು ಬಂತು. ಈ ಸಲ ಸುಗಮ ಸಂಗೀತದ ವಿಭಾಗದಲ್ಲಿ ತೇರ್ಗಡೆಯಾದರು. ವರ್ಷಕ್ಕೆ ಕೆಲವು ಕಾರ್ಯಕ್ರಮಗಳು ಸಿಗತೊಡಗಿದವು. ಶ್ರುತಿ ಇಳಿಸದಿದ್ದರೆ ಈ ಬಾಗಿಲು ತೆರೆಯುತ್ತಿರಲಿಲ್ಲ.

1972ರಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಬಯಲು ರಂಗದ ನಾಟಕಗಳನ್ನು ಮಾಡಿಸಿದ ಮೇಲೆ ಹವ್ಯಾಸಿ ತಂಡಗಳಲ್ಲಿ ಹಾಡಿಗೆ ಮತ್ತೆ ಬೆಲೆ ಬಂತು. ಕಾರಂತರು ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿದ್ದವರು. ಕಂಪನಿ ಸಂಗೀತದ ಬಿಸಿ ಅವರ ರಂಗಸಂಗೀತದಲ್ಲಿ ಉಳಿದಿತ್ತು. ಕಾಲೇಜು ಹುಡುಗರು ಹಳೆಯ ಮಟ್ಟುಗಳನ್ನು ಹುಡುಕಿಕೊಂಡು ವಠಾರದ ಆ ಮನೆಗೆ ಬರತೊಡಗಿದರು. ನಾನು ಬಂದದ್ದು ಆ ಸಾಲಿನ ಕೊನೆಯಲ್ಲಿ.

ಅವರ ಪಾಠದ ಕ್ರಮಕ್ಕೆ ಮೂಲ ಅದೇ ಖಾಲಿ ಥಿಯೇಟರು. ಮೊದಲು ಹಾಡಿನ ಸಂದರ್ಭ ಹೇಳಿಸುತ್ತಿದ್ದರು, ಆಮೇಲೆ ಪದ್ಯವನ್ನು ಮಾತಾಗಿ ಓದಿಸುತ್ತಿದ್ದರು. ಅದಾದ ಮೇಲೆ ಪೆಟ್ಟಿಗೆ ತೆರೆದು ಕಲಿಯುವವರ ಮಾತಿನ ದನಿ ಎಲ್ಲಿ ಕೂರುತ್ತದೆಂದು ಹುಡುಕಿ, ಅಲ್ಲಿಂದ ಶ್ರುತಿ ಗೊತ್ತು ಮಾಡುತ್ತಿದ್ದರು. ತಮ್ಮ ಶ್ರುತಿಯಲ್ಲಿ ಹಾಡಲು ಯಾರಿಗೂ ಬಿಡುತ್ತಿರಲಿಲ್ಲ. ಇನ್ನೊಬ್ಬ ಶಿಷ್ಯನನ್ನು ಅಡಿಗೆಮನೆಗೆ ಕಳಿಸಿ ಬಾಗಿಲು ಓರೆ ಮಾಡಿ, "ಏನು ಕೇಳಿಸ್ತು ಹೇಳು" ಎನ್ನುತ್ತಿದ್ದರು. ಒಳಗಿನಿಂದ ತಪ್ಪು ಮಾತು ಬಂದರೆ ಹಾಡಿದವನದೇ ತಪ್ಪು, ಮತ್ತೆ ಮೊದಲಿನಿಂದ. ಈಗ ನಾನು ಕಲಿಸುವಾಗಲೂ ಹೀಗೇ ಮಾಡುತ್ತೇನೆ. ಇಂದಿನ ಕಾಲರ್ ಮೈಕಿನ ಕಾಲದಲ್ಲೂ ರಂಗಗೀತೆಯೆಂದರೆ ಎತ್ತರದಲ್ಲಿಯೇ ಹಾಡಬೇಕೆಂದು ಗಂಟಲು ಹರಿದುಕೊಳ್ಳುವ ಮಕ್ಕಳನ್ನು ಕಂಡಾಗ ಈ ಪ್ರಕರಣವನ್ನು ಹೇಳದೆ ಇರಲಾರೆ. ಬೆಳಗಿನ ಮಾತು ಒರಟಾಗಿ ಎರಡು ಮೂರು ವಾರ ಹಾಗೆಯೇ ಉಳಿದರೆ ಗಂಟಲಿನ ವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು, ಮೆಲ್ಲಗೆ ಹಾಡಲು ಆಗುತ್ತಿದೆಯೇ ನೋಡಿಕೊಳ್ಳಿ.

ಅವರ ಹಾಡಿನ ಪುಸ್ತಕ ಒಂದು ಉದ್ದನೆಯ ಲೆಕ್ಕದ ಖಾತೆ. ಪ್ರತಿ ಹಾಡಿನ ತಲೆಯ ಮೇಲೆ ನಾಟಕ, ಪಾತ್ರ, ರಾಗ, ಮಟ್ಟು, ತಾಳ, ಶ್ರುತಿ. ಶ್ರುತಿಯ ಜಾಗದಲ್ಲಿ "ಕ 5" ಎಂದು ಬರೆದು ಹೊಡೆದು, "ಕ 4" ಎಂದು ಬರೆದು ಹೊಡೆದು, "ಕ 3" ಎಂದು ಬೇರೆ ಶಾಯಿಯಲ್ಲಿ ಬರೆದಿದೆ. ಅಂಚಿನಲ್ಲಿ ಶಿಷ್ಯರ ಹೆಸರಿನ ಮೊದಲ ಅಕ್ಷರ, ಅವರವರ ಶ್ರುತಿ. ಚಂದ್ರಮತಿಯ ಶೋಕದ ಹಾಡಿನ ಅಂಚಿನಲ್ಲಿ ಹನ್ನೊಂದು ಶ್ರುತಿಗಳಿವೆ.

ಇನ್ನೊಂದು ವಿಷಯ ಉಳಿದಿದೆ. ವೃದ್ಧ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಕಲಾಸೇವೆಯ ದಾಖಲೆ ಬೇಕಾಯಿತು. ಮೂವತ್ತು ವರ್ಷ ದುಡಿದ ಕಂಪನಿಯಿಂದ ಒಂದು ಚೀಟಿಯೂ ಇರಲಿಲ್ಲ. ಸಂಬಳ ಕೈಗೆ ಬರುತ್ತಿತ್ತು, ಮುಚ್ಚಿದ ಕಂಪನಿಯ ಲೆಕ್ಕದ ಪುಸ್ತಕಗಳು ಎಲ್ಲಿ ಹೋದವೋ. ನಾವು ಹುಡುಕಿ ತಂದ ಹ್ಯಾಂಡ್‌ಬಿಲ್ಲುಗಳಲ್ಲಿ ಹೆಚ್ಚಿನವು "ಸುಪ್ರಸಿದ್ಧ ಗಾಯಕನಟಿ" ಎಂದಷ್ಟೇ ಹೇಳುತ್ತಿದ್ದವು. ಊರಿಗೆಲ್ಲ ಗೊತ್ತಿದ್ದ ಹೆಸರನ್ನು ಅಚ್ಚು ಹಾಕುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಬಾನುಲಿಯ ಕರಾರುಪತ್ರಗಳು. ಹೆಸರು, ದಿನಾಂಕ, ಸಂಭಾವನೆ, ಸಹಿ, ಎಲ್ಲವೂ ಇದ್ದ ಆ ಕಾಗದಗಳನ್ನು ಅವರು ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದರು. ಜೀವನದಲ್ಲಿ ಅತಿ ಕಡಿಮೆ ಹಣ ಕೊಟ್ಟ ಕೆಲಸವೇ ಅವರು ಕಲಾವಿದೆಯೆಂದು ಸಾಬೀತು ಮಾಡಿತು. ಹೀಗಾಗಿ ನನ್ನ ಶಿಷ್ಯರಿಗೆ ಒಂದು ಪ್ರಯೋಗಕ್ಕೆ ನೂರು ರೂಪಾಯಿ ಕೊಟ್ಟರೂ ರಶೀದಿ ಬರೆಸಿಕೊಳ್ಳಿ, ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು ಹಾಕಿಸಿ, ಒಂದು ಪ್ರತಿ ಮನೆಯಲ್ಲಿಡಿ ಎಂದು ಹೇಳುತ್ತೇನೆ.

ಮಾಸಾಶನ ಮಂಜೂರಾಗಿ ಮೊದಲ ಹಣ ಬಂದ ವಾರ ಅವರು ನನ್ನನ್ನು ಕರೆದು ಹಾರ್ಮೋನಿಯಂ ಅನ್ನು ಆಟೋದಲ್ಲಿ ಬಳೇಪೇಟೆಗೆ ಸಾಗಿಸಿದರು. ತಿದಿಯಲ್ಲಿ ಗಾಳಿ ಸೋರುತ್ತಿತ್ತು. ಅಂಗಡಿಯ ಮುದುಕರು ಪೆಟ್ಟಿಗೆ ಬಿಚ್ಚಿ ಒಂದೊಂದೇ ಮನೆಯನ್ನು ಒತ್ತಿ ನೋಡಿ, "ಅಮ್ಮ, ಕಪ್ಪು ಮೂರರ ರೀಡು ಪೂರ್ತಿ ಸವೆದಿದೆ, ಬೇರೆ ಹಾಕ್ಬೇಕು" ಎಂದರು. ಅವರು ಸೀರೆಯ ಸೆರಗಿನ ಗಂಟು ಬಿಚ್ಚಿ, "ಹಾಕಪ್ಪ, ನಾಳೆ ಪಾಠ ಇದೆ" ಎಂದರು.